ಎಐ ಓದಿದ ಎಕ್ಸ್‌ರೇಗೆ ಸಹಿ ಹಾಕುವ ಮೊದಲು

ಕಾಫಿ ಕೊಯ್ಲು ಶುರುವಾದರೆ ಕೊಡಗಿನ ತೋಟದ ಕೂಲಿಕಾರರು ಇರುವ ಲೈನ್ ಮನೆಗಳು ತುಂಬುತ್ತವೆ, ಆಸ್ಪತ್ರೆಯಲ್ಲಿ ಕೆಮ್ಮಿನವರೂ ಜಾಸ್ತಿ. ಎದೆಯ ಎಕ್ಸ್‌ರೇ ನೋಡಿ ಟಿಬಿ ಅನುಮಾನ ಹೇಳುವ ಎಐ ಸಾಫ್ಟ್‌ವೇರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಕಡೆ ನಾನೇ ನೋಡಿದ್ದೇನೆ: ಪರದೆಯಲ್ಲಿ ‘ನಾರ್ಮಲ್’ ಎಂದು ಬಂದರೆ ಸಾಕು, ಎಕ್ಸ್‌ರೇ ತೆರೆಯದೆಯೇ ಡಾಕ್ಟರ ಸಹಿ ಬೀಳುತ್ತಿತ್ತು. ಹಾಗಾಗಬಾರದು ಅಂದರೆ ಹೀಗೆ ಮಾಡಿ.

ಒಂದು. ಸಾಫ್ಟ್‌ವೇರ್‌ಗೆ ಒಬ್ಬ ಡಾಕ್ಟರು ಹೊಣೆ ಇರಲಿ. ಬೇಕೆಂದಾಗ ಅದನ್ನು ನಿಲ್ಲಿಸುವ ಅಧಿಕಾರವೂ ಅವರಿಗೇ ಇರಲಿ.

ಎರಡು. ಕೊಳ್ಳುವ ಮುಂಚೆ ಕೇಳಿ. 2020ರಿಂದ ನಮ್ಮ ದೇಶದಲ್ಲಿ ಇಂಥ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನವೇ, ಆದ್ದರಿಂದ ಲೈಸೆನ್ಸ್ ನೋಡಿ. ‘ಶೇ 99 ಸರಿ’ ಎಂಬ ಕರಪತ್ರ ನಂಬಬೇಡಿ. ಯಾರ ಎಕ್ಸ್‌ರೇ ಇಟ್ಟು ಪರೀಕ್ಷಿಸಿದ್ದು ಎಂದು ಕೇಳಿ. ಬರೀ ಕೆಂಪು, ಹಸಿರು ತೋರಿಸಿ, ಅನುಮಾನದ ಜಾಗವನ್ನೇ ಗುರುತಿಸದ ಸಾಫ್ಟ್‌ವೇರ್ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಟಿಬಿ ತಪಾಸಣೆಗೆ ಇಂಥ ಸಾಫ್ಟ್‌ವೇರನ್ನು ಒಪ್ಪಿದ್ದು 15 ವರ್ಷ ದಾಟಿದವರಿಗೆ. ಮಕ್ಕಳ ಎಕ್ಸ್‌ರೇಯನ್ನು ಡಾಕ್ಟರೇ ಓದಬೇಕು.

ಮೂರು. ಎಲ್ಲರೂ ಎಡವುವುದು ಇಲ್ಲೇ. ಡಾಕ್ಟರು ಮೊದಲು ಓದಬೇಕು, ಯಂತ್ರದ ಉತ್ತರ ಆಮೇಲೆ. ಒಮ್ಮೆ ಆ ಉತ್ತರ ಕಣ್ಣಿಗೆ ಬಿದ್ದರೆ ಮನಸ್ಸು ಅದರ ಕಡೆಗೇ ವಾಲುತ್ತದೆ, ಅಲ್ವಾ? ಹಾಗಾಗಿ ಉತ್ತರ ಮುಚ್ಚಿಡುವಂತೆ ಟೆಕ್ನಿಷಿಯನ್‌ಗೆ ಹೇಳಿ. ಡಾಕ್ಟರು ರಿಜಿಸ್ಟರಿನಲ್ಲಿ ‘ಇದೆ’, ‘ಇಲ್ಲ’, ‘ಅನುಮಾನ’ ಇವುಗಳಲ್ಲಿ ಒಂದನ್ನು ಬರೆಯಲಿ. ಕೊರಳೆಲುಬಿನ ಹಿಂದೆ, ಹೃದಯದ ನೆರಳಿನ ಹಿಂದೆ ಮತ್ತೊಮ್ಮೆ ನೋಡಲಿ. ಆಮೇಲೆ ಉತ್ತರ ತೆರೆಯಿರಿ. ಎರಡೂ ಬೇರೆ ಬೇರೆ ಬಂದರೆ ಮೊದಲು ಬರೆದದ್ದನ್ನು ಹೊಡೆದುಹಾಕಬೇಡಿ. ಕೆಳಗೆ ಕಾರಣ ಬರೆಯಿರಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಕಫ ಪರೀಕ್ಷೆಗೆ ಕಳಿಸಿ. ಹಿಂದೆ ಟಿಬಿ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಕಲೆಯನ್ನು ಯಂತ್ರ ಹೊಸ ರೋಗ ಅಂದುಕೊಳ್ಳುವುದುಂಟು. ಆದ್ದರಿಂದ ಹಳೆಯ ಕಾಯಿಲೆ ಕೇಳದೆ ಔಷಧಿ ಶುರು ಮಾಡಬೇಡಿ.

ರಿಜಿಸ್ಟರ್ ಕಾಗದದ್ದೇ ಇರಲಿ. ಎಕ್ಸ್‌ರೇಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಭಿಪ್ರಾಯ ಕೇಳುವ ಅಡ್ಡದಾರಿ ಬಿಡಿ. ಸಣ್ಣ ಗುರುತುಗಳು ಅಳಿಸಿಹೋಗುತ್ತವೆ, ರೋಗಿಯ ಗುಟ್ಟೂ ಉಳಿಯುವುದಿಲ್ಲ.

ನಾಲ್ಕು. ವಾರಕ್ಕೊಮ್ಮೆ ಯಂತ್ರ ‘ನಾರ್ಮಲ್’ ಎಂದ 20 ಎಕ್ಸ್‌ರೇಗಳನ್ನು ಚೀಟಿ ಎತ್ತಿದಂತೆ ಆರಿಸಿ, ಬೇರೆ ಡಾಕ್ಟರಿಂದ ಓದಿಸಿ. ಇದು ಸುಮ್ನೆ ಕೆಲಸ ಹೆಚ್ಚಿಸುವುದಲ್ಲ. ಅಮೆರಿಕದ ಮಿಷಿಗನ್‌ನಲ್ಲಿ, ಸೋಂಕಿನಿಂದ ದೇಹದ ಅಂಗಗಳೇ ಕೆಡುವ ಸೆಪ್ಸಿಸ್ ಬಗ್ಗೆ ಎಚ್ಚರಿಸುವ ಸಾಫ್ಟ್‌ವೇರನ್ನು ಹೊರಗಿನವರು ಪರಿಶೀಲಿಸಿದರು. ಸೆಪ್ಸಿಸ್ ಬಂದವರಲ್ಲಿ ಶೇ 67 ಮಂದಿಯನ್ನು ಅದು ಗುರುತಿಸಿಯೇ ಇರಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು.

ಐದು. ‘ಯಂತ್ರವೂ ನೋಡಿದೆ, ನಾನೂ ನೋಡಿದ್ದೇನೆ’ ಎಂದು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ.

ಆರು. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ. ತಿಂಗಳಿಗೊಂದು ದಿನ ಯಂತ್ರವಿಲ್ಲದೆ ಓದಿ, ಕಣ್ಣಿನ ಅಭ್ಯಾಸ ತಪ್ಪಬಾರದು. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನಾಂಕವನ್ನೂ ರಿಜಿಸ್ಟರಿನಲ್ಲಿ ಬರೆಯಿರಿ. ಉತ್ತರ ಗೊತ್ತಿರುವ 50 ಹಳೆಯ ಎಕ್ಸ್‌ರೇಗಳನ್ನು ಮತ್ತೆ ಓದಿಸಿ ನೋಡಿದ ಮೇಲೆಯೇ ಹೊಸ ರೋಗಿಗಳ ಎಕ್ಸ್‌ರೇ ಹಾಕಿ.