ಕಾರಿನ ಬೀಡಿಂಗ್ ಕಿರ್ ಕಿರ್ ಅಂದರೆ ನಾನು ಮಾಡುವುದು

ನನ್ನ ಕಾರು ಓಡುವುದು ಹುಬ್ಬಳ್ಳಿಯ ಧೂಳಿನಲ್ಲಿ. ಬೇಸಿಗೆ ಬಂತೆಂದರೆ ಸನ್‌ರೂಫ್ ಕಡೆಯಿಂದ ಕಿರ್ ಕಿರ್ ಶುರು. ನೇರ ರಸ್ತೆಯಲ್ಲಿ ಏನೂ ಇಲ್ಲ, ಹಂಪ್ ಅನ್ನು ಓರೆಯಾಗಿ ಹತ್ತಿಸಿದಾಗ ಮಾತ್ರ ಕೇಳುತ್ತದೆ. ಒಂದೇ ಚಕ್ರ ಮೇಲೆದ್ದಾಗ ಕಾರಿನ ಬಾಡಿ ಒಂಚೂರು ತಿರುಚಿಕೊಳ್ಳುತ್ತದೆ. ಆಗ ಸನ್‌ರೂಫ್ ಗಾಜು, ಬಾಗಿಲು ಎರಡೂ ಚೌಕಟ್ಟಿನೊಳಗೆ ಕೂದಲೆಳೆಯಷ್ಟು ಜರುಗುತ್ತವೆ. ನಡುವಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಣಗಿದ್ದರೆ ಜಾರುವ ಬದಲು ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಸದ್ದು ಹುಟ್ಟುವುದು ಅಲ್ಲೇ.

ಸುಮ್ನೆ ಎಲ್ಲ ಕಡೆ ಗ್ರೀಸ್ ಬಳಿಯುವ ಮೊದಲು ಸದ್ದು ಎಲ್ಲಿಯದು ಅಂತ ನೋಡಬೇಕು. ಸನ್‌ರೂಫ್ ಹಿಂಭಾಗವನ್ನು ಸ್ವಲ್ಪ ಎತ್ತಿಟ್ಟು ಅದೇ ಹಂಪ್ ಹತ್ತಿಸುತ್ತೇನೆ. ಸದ್ದು ನಿಂತರೆ ಅದು ಅದರ ರಬ್ಬರಿನದೇ. ಬಾಗಿಲಿನ ವಿಷಯ ಸ್ವಲ್ಪ ಮೋಸದ್ದು. ಎಷ್ಟೋ ಸಲ ಬೀಡಿಂಗ್ ಮೇಲೆ ಅನುಮಾನ ಪಡುತ್ತೇವೆ, ಕಿರುಗುಟ್ಟುವುದು ಬಾಗಿಲಿನ ಲಾಕ್ ಸಿಕ್ಕಿಕೊಳ್ಳುವ, ಚೌಕಟ್ಟಿನ ಕಂಬದಲ್ಲಿರುವ ಕೊಂಡಿ! ಅದಕ್ಕೆ ಒಂದು ಸುತ್ತು ಟೇಪ್ ಸುತ್ತಿ ಓಡಿಸಿದರೆ ಗೊತ್ತಾಗುತ್ತದೆ, ಸದ್ದು ನಿಂತರೆ ಅದು ಕೊಂಡಿಯದೇ.

ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ತೊಳೆಯುವುದರಲ್ಲೇ ಇದೆ. ಕಾರ್ ಶಾಂಪೂ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ರಬ್ಬರಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಒರೆಸುತ್ತೇನೆ. ರಬ್ಬರ್ ತಾಗುವ ಪೇಂಟ್ ಅಂಚನ್ನೂ ಬಿಡುವುದಿಲ್ಲ. ಬಟ್ಟೆಗೆ ಕಪ್ಪು ಕೆಸರು ಬರುವುದು ನಿಂತ ಮೇಲೆ ಪೂರ್ತಿ ಒಣಗಲು ಬಿಡಬೇಕು. ಕೆಲವೊಮ್ಮೆ ಇಷ್ಟಕ್ಕೇ ಸದ್ದು ಹೋಗಿಬಿಡುತ್ತದೆ.

ಆಮೇಲೆ ಸಿಲಿಕೋನ್ ಗ್ರೀಸ್. ಬೆರಳ ತುದಿಗೆ ಹತ್ತುವಷ್ಟನ್ನು ತೆಗೆದುಕೊಂಡು ಉದ್ದಕ್ಕೂ ಸವರಿ, ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಿಂದ ಒರೆಸುತ್ತೇನೆ. ಕೈಗೆ ಜಿಡ್ಡು ಅಂಟಬಾರದು, ಅಂಟಿದರೆ ನಾಳೆ ಧೂಳೂ ಅಂಟುತ್ತದೆ. ಸ್ಪ್ರೇ ಆದರೆ ಬಟ್ಟೆಗೆ ಹೊಡೆದು ಸವರಬೇಕು. ನೇರ ಹೊಡೆದರೆ ಗಾಜಿಗೆ ಸಿಡಿದು, ಮಳೆಯಲ್ಲಿ ವೈಪರ್ ಎಳೆದಾಗ ಮಂಜು ಮಂಜಾಗುತ್ತದೆ. ಕಾರನ್ನು ಪೇಂಟಿಂಗ್‌ಗೆ ಬಿಡುವುದಿದ್ದರೆ ಸಿಲಿಕೋನ್ ಮುಟ್ಟಲೇಬೇಡಿ, ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಕುಳಿ ಏಳುತ್ತವೆ.

ಎಂಜಿನ್ ಆಯಿಲ್, ಪೆಟ್ರೋಲಿಯಂ ಜೆಲ್ಲಿ ಹಚ್ಚುವವರಿದ್ದಾರೆ. ಆ ದಿನಕ್ಕೆ ಸದ್ದು ನಿಲ್ಲುತ್ತದೆ, ನಿಜ. ಆದರೆ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿಲು, ನೀರು ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ತಡೆಯುವುದಿಲ್ಲ. ಉಬ್ಬಿ ಮೆತ್ತಗಾಗುತ್ತದೆ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆಯೂ ಬೇಡ.

ಸನ್‌ರೂಫ್ ಜಾರುವ ಹಳಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವುದಿಲ್ಲ, ಅಲ್ಲಿರುವ ಗ್ರೀಸ್ ತೊಳೆದುಹೋಗುತ್ತದೆ. ಗಾಜು ತೆರೆದಿರುವಾಗಲೇ ಮುಂದಿನ ಮೂಲೆಗಳ ನೀರು ಹೋಗುವ ತೂತುಗಳಿಗೆ ಸ್ವಲ್ಪ ನೀರು ಹನಿಸಿ ನೋಡುತ್ತೇನೆ. ಅದು ಕಾರಿನ ಕೆಳಗೆ ಸುರಿಯಬೇಕು. ಸುರಿಯದಿದ್ದರೆ ಪೈಪ್ ಕಟ್ಟಿದೆ ಎಂದರ್ಥ. ಜೋರು ಗಾಳಿ ಹೊಡೆಸಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಮಳೆನೀರೆಲ್ಲ ಸೀಟಿನ ಮೇಲೆ.

ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ, ಇಷ್ಟು ಮಾಡಿದರೆ ನನ್ನ ಕಾರಿಗೆ ಸಾಕು. ರಬ್ಬರ್ ಬಿರುಕು ಬಿಟ್ಟಿದ್ದರೆ, ಚಪ್ಪಟೆಯಾಗಿದ್ದರೆ ಗ್ರೀಸ್ ಏನೂ ಮಾಡದು, ಹೊಸದು ಹಾಕಿಸಬೇಕು.