ಡಿಸಿ ರಜೆ ಕೊಟ್ಟರು, ಚಡ್ಡಿ ಒಣಗಿಲ್ಲ

ಪುನರ್ವಸು ಮಳೆ ಹಿಡಿದು ಆರು ದಿನ ಆಯ್ತು. ಮೊನ್ನೆ ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ಸೊಸೆಯ ಫೋನ್ ಟಿಣ್ ಅಂತು. ನಾಳೆ ತಾಲ್ಲೂಕಿನ ಶಾಲೆಗಳಿಗೆಲ್ಲ ರಜೆ. ಮೊಮ್ಮಗ ಮಂಚದ ಮೇಲೆ ಹತ್ತಿ ಕುಣಿದ. ಸೊಸೆ ಮಾಡಿದ ಕೆಲಸ ನೋಡಿ ನನಗೆ ತಡೆಯಲಿಲ್ಲ. ಮೂರು ದಿನದಿಂದ ಒಣಗದ ಯೂನಿಫಾರ್ಮನ್ನು ಕೋಣೆಯೊಳಗೆ ಕುರ್ಚಿ ಬೆನ್ನಿಗೆ ಹಾಕಿ, ಕಿಟಕಿ ಭದ್ರ ಮಾಡಿ, ಫ್ಯಾನ್ ತಿರುಗಿಸಿದಳು. "ಹೇಗೂ ರಜೆ ಅಲ್ವಾ ಅತ್ತೆ, ನಾಡಿದ್ದಿಗೆ ಒಣಗುತ್ತೆ" ಅಂದಳು.

ಎಲ್ಲಿಂದ ಒಣಗುತ್ತದೆ? ಮುಚ್ಚಿದ ಕೋಣೆಯಲ್ಲಿ ಬಟ್ಟೆಯ ನೀರು ಗಾಳಿಗೆ ಹೋಗುತ್ತದೆ, ಗಾಳಿಯಿಂದ ಗೋಡೆಗೆ, ಗೋಡೆಯಿಂದ ತಿರುಗಿ ಹಾಸಿಗೆಗೆ. ನಾಡಿದ್ದು ಬೆಳಿಗ್ಗೆ ಮುಗ್ಗಲು ವಾಸನೆ. ಅದಕ್ಕೆ ಬಾಟಲಿಯ ಪರಿಮಳದ ನೀರು. ಮುಗ್ಗಲಿನ ಮೇಲೆ ಮಲ್ಲಿಗೆ ಸುರಿದರೆ ಮುಗ್ಗಲು ಮಲ್ಲಿಗೆ ಆಗುತ್ತಾ? ಪಕ್ಕದ ಮನೆಯಲ್ಲೂ ಇದೇ ಕಥೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿದರೆ "ಆಯ್ತು ಅತ್ತೆ" ಅಂತಾರೆ, ಕೇಳಲ್ಲ.

ನಮಗೆ ರಜೆ ಕೊಡುತ್ತಿದ್ದದ್ದು ಡಿಸಿ ಅಲ್ಲ, ಹಳ್ಳ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಒಂದು ಸಣ್ಣ ಊರು ನಮ್ಮದು. ಶಾಲೆ ಹಳ್ಳದ ಆಚೆ. ದಾಟಲು ಎರಡು ಅಡಿಕೆ ಮರ ಜೋಡಿಸಿದ ಸಂಕ. ಸಂಕದ ಪಕ್ಕ ಒಂದು ಚಪ್ಪಟೆ ಕಲ್ಲಿತ್ತು, ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು. ಬೆಳಿಗ್ಗೆ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ನೋಡಿ ಬರುತ್ತಿದ್ದರು. ಕಲ್ಲು ಕಂಡರೆ ಶಾಲೆ, ಮುಳುಗಿದರೆ ರಜೆ. ತೀರ್ಥಹಳ್ಳಿಯವರು ರಾಮ ಮಂಟಪ ನೋಡಿ, ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನೋಡಿ ತುಂಗೆ ಎಷ್ಟು ತುಂಬಿದ್ದಾಳೆ ಅಂತ ಹೇಳುತ್ತಾರಲ್ಲ, ಹಾಗೆ ನಮಗೆ ಆ ಒಗೆಯೋ ಕಲ್ಲು. ಒಮ್ಮೆ ನಾನೂ ತಮ್ಮನೂ ಅಪ್ಪನಿಗಿಂತ ಮೊದಲು ಎದ್ದು ಓಡಿ, ಕಲ್ಲಿನ ಮೇಲೆ ಸೊಪ್ಪು ಹೊದಿಸಿ ಬಂದಿದ್ದೆವು. ಅಪ್ಪ ತಿರುಗಿ ಬಂದು ಏನೂ ಹೇಳಲಿಲ್ಲ. ಸೊಪ್ಪನ್ನು ಕೊಟ್ಟಿಗೆಗೆ ಹಾಕಿ, ನಮ್ಮಿಬ್ಬರನ್ನೂ ಕೈ ಹಿಡಿದು ಸಂಕ ದಾಟಿಸಿದರು.

ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನೆನೆಯುತ್ತಿದ್ದೆವು. ಇದ್ದದ್ದು ಎರಡೇ ಜೊತೆ ಬಟ್ಟೆ. ಆದರೂ ಒದ್ದೆ ಅಂಗಿ ಹಾಕಿಕೊಂಡು ಶಾಲೆಗೆ ಹೋದ ನೆನಪಿಲ್ಲ. ಹೊಗೆ ವಾಸನೆಯ ಅಂಗಿ ಹಾಕಿಕೊಂಡು ಹೋಗಿದ್ದೇನೆ. ಇಡೀ ತರಗತಿಯೇ ಹೊಗೆ ವಾಸನೆ, ಮೇಷ್ಟ್ರೂ ಸೇರಿ.

ಅದರ ಗುಟ್ಟು ಕುಕ್ಕೆ, ಕೆಂಡದ ಮೇಲೆ ಕವುಚಿ ಬಟ್ಟೆ ಹೊದಿಸುವ ಬಿದಿರಿನ ಬುಟ್ಟಿ. ಇದು ನನ್ನ ಅಜ್ಜಿಯ ವಿದ್ಯೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದದ್ದು ದಾಖಲೆಯಲ್ಲಿದೆ. ನನ್ನ ಸೋದರತ್ತೆ ಹುಟ್ಟಿದ್ದು ಆ ತಿಂಗಳೇ. ಹಸಿ ಬಾಣಂತಿ, ಹಸುಗೂಸು, ದಿನಕ್ಕೆ ಇಪ್ಪತ್ತು ತುಂಡು ಬಟ್ಟೆ, ಬಿಸಿಲಿನ ಸುದ್ದಿಯೇ ಇಲ್ಲ. ಆ ತಿಂಗಳು ದಾಟಿದ್ದು ಕುಕ್ಕೆಯಿಂದ ಅಂತ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು.

ಕುಕ್ಕೆ ಸಡಿಲ ಹೆಣಿಗೆಯದ್ದಾಗಬೇಕು. ಹೆಣಿಗೆಯ ಸಂದಿಯಲ್ಲಿ ಕಿರುಬೆರಳು ತೂರಬೇಕು. ಒತ್ತು ಹೆಣಿಗೆಯದ್ದಾದರೆ ಬಿಸಿ ಮೇಲೆ ಬರುವುದಿಲ್ಲ, ಬಿದಿರೇ ಕರಿಕಲಾಗುತ್ತದೆ. ಎತ್ತರ ಮೊಣಕಾಲಿನಷ್ಟು. ಕೆಳಗೆ ಇಡಲು ಒಂದು ಹಳೆ ಕಬ್ಬಿಣದ ಬಾಂಡ್ಲಿ. ಬಾಂಡ್ಲಿಗೆ ಮೊದಲು ನಾಲ್ಕು ಬೆರಳು ಬೂದಿ ಹಾಕಿ. ಕೆಂಡ ತೆಂಗಿನ ಕರಟದ್ದೇ ಆಗಬೇಕು. ಇಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಕಟ್ಟಿಗೆಯ ಕೆಂಡದಲ್ಲಿ ಎಲ್ಲೋ ಒಂದು ಹಸಿ ತುಂಡು ಉಳಿದು ಹೊಗೆ ಬಿಡುತ್ತದೆ. ಅಡಿಕೆ ಸಿಪ್ಪೆಯಂತೂ ಹತ್ತಿರ ತರಬೇಡಿ, ವಾಸನೆ ಎರಡು ಒಗೆತಕ್ಕೂ ಹೋಗಲ್ಲ. ನಮ್ಮ ಅಂಗಿ ಹೊಗೆ ನಾರುತ್ತಿದ್ದದ್ದು ಅಮ್ಮ ಅವಸರಕ್ಕೆ ಬಚ್ಚಲ ಒಲೆಯ ಕಟ್ಟಿಗೆ ಕೆಂಡ ಎತ್ತಿ ತರುತ್ತಿದ್ದರಿಂದ. ಅಜ್ಜಿ ಒಣಗಿಸಿದ ಬಟ್ಟೆಗೆ ಹೊಗೆಯ ಸುಳಿವೇ ಇರುತ್ತಿರಲಿಲ್ಲ. ಅತ್ತೆ ಸೊಸೆಗೆ ಈ ವಿಷಯಕ್ಕೇ ಮಾತು ನಿಲ್ಲುತ್ತಿತ್ತು.

ಕರಟ ಅಂಗಳದ ಸೂರಿನ ಕೆಳಗೆ ಉರಿಯಲಿ. ಜ್ವಾಲೆ ಪೂರ್ತಿ ಇಳಿದು, ಕಪ್ಪು ಒಂದು ಚೂರೂ ಉಳಿಯದೆ ಕೆಂಪಾಗಿ, ಮೇಲೆ ಬಿಳಿ ಪದರ ಬಂದ ಮೇಲೆ ಬಾಂಡ್ಲಿಗೆ ಹಾಕಿ. ಮೂರು ತೆಂಗಿನಕಾಯಿಯ ಕರಟ ಒಂದು ಜೊತೆ ಬಟ್ಟೆಗೆ ಸಾಕು. ಅದರ ಮೇಲೆ ಮತ್ತೆ ಬೂದಿ, ತೆಳ್ಳಗೆ, ರಂಗೋಲಿ ಉದುರಿಸಿದ ಹಾಗೆ. ಕೆಂಡ ಬೂದಿಯೊಳಗೆ ಮಲಗಿರಬೇಕು, ಕಣ್ಣು ಬಿಡಬಾರದು. ಕುಕ್ಕೆ ಕವುಚಿ ಅದರ ನೆತ್ತಿಗೆ ಅಂಗೈ ಇಟ್ಟು ನೋಡಿ. ನಿಧಾನಕ್ಕೆ ಹತ್ತು ಎಣಿಸುವವರೆಗೂ ಹಿತವಾಗಿರಬೇಕು. ಐದಕ್ಕೇ ಕೈ ಎಳೆದುಕೊಂಡರೆ ಇನ್ನೊಂದು ಹಿಡಿ ಬೂದಿ. ಈಗಿನ ಯೂನಿಫಾರ್ಮ್ ಅರ್ಧ ಪಾಲಿಯೆಸ್ಟರ್. ಹತ್ತಿಯಾದರೆ ಕಂದುತ್ತದೆ, ಇದು ಕರಗಿಯೇ ಹೋಗುತ್ತದೆ. ಕುಕ್ಕೆ ಬಿಟ್ಟು ಎದ್ದು ಹೋಗಲೇಬೇಡಿ. ಪುಟ್ಟ ಮಕ್ಕಳಿದ್ದರೆ ಸುತ್ತ ಮಣೆ ಅಡ್ಡ ಇಡಿ.

ಬಟ್ಟೆಯನ್ನು ಹಿಂಡಿದ ಕೂಡಲೇ ತಂದು ಹಾಕುವುದಲ್ಲ. ಒಣ ಟವೆಲ್ ಹಾಸಿ, ಅದರ ಮೇಲೆ ಅಂಗಿ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಹತ್ತಿ ತುಳಿಯಿರಿ. ಈ ಕೆಲಸ ಮಕ್ಕಳಿಗೆ ಕೊಡಿ, ರಜೆಯ ದಿನ ಕುಣಿಯಲು ಅದಕ್ಕಿಂತ ಜಾಗ ಬೇಕಾ? ಅರ್ಧ ನೀರು ಅಲ್ಲೇ ಇಳಿಯುತ್ತದೆ. ಆಮೇಲೆ ಒಳಮಗ್ಗುಲು ಮೇಲೆ ಮಾಡಿ ಕುಕ್ಕೆಗೆ ಹೊದಿಸಿ. ಬಟ್ಟೆ ನೆಲಕ್ಕೆ ತಾಗಬಾರದು, ಬುಡದಲ್ಲಿ ಒಂದು ಗೇಣು ಗಾಳಿ ಆಡಬೇಕು. ಬೆನ್ನು ಬೇಗ ಒಣಗುತ್ತದೆ. ಮೋಸ ಮಾಡುವುದು ಕಾಲರ್, ಜೇಬು, ಚಡ್ಡಿಯ ಎಲಾಸ್ಟಿಕ್. ಜೇಬನ್ನು ನಾಲಿಗೆ ಹೊರಗೆಳೆದ ಹಾಗೆ ಎಳೆದು ನೆತ್ತಿಯ ಮೇಲೆ ಇಡಿ. ಒಣಗಿತಾ ಅಂತ ಕೈಯಲ್ಲಿ ಮುಟ್ಟಿ ನೋಡಬೇಡಿ. ಮಳೆಗಾಲದಲ್ಲಿ ನಿಮ್ಮ ಬೆರಳೇ ಥಂಡಿ ಹಿಡಿದಿರುತ್ತದೆ, ಅದಕ್ಕೆ ಒದ್ದೆ ಯಾವುದು, ತಣ್ಣಗಿದ್ದದ್ದು ಯಾವುದು ಅಂತ ತಿಳಿಯಲ್ಲ. ಕೆಳತುಟಿಗೆ ತಾಗಿಸಿ. ತುಟಿ ಸುಳ್ಳು ಹೇಳುವುದಿಲ್ಲ. ಕುಕ್ಕೆಯಿಂದ ತೆಗೆದು ಬಿಸಿ ಆರಲು ಬಿಟ್ಟು ಆಮೇಲೆ ಇನ್ನೊಮ್ಮೆ ತುಟಿಗೆ ಇಟ್ಟು ನೋಡಿ. ಎರಡನೇ ಸಲವೂ ಒಣಗಿದೆ ಅನಿಸಿದರೆ ಮಡಚಿ.

ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಬಾಂಡ್ಲಿ ಜಗುಲಿಯಲ್ಲಿರಲಿ, ಗಾಳಿ ಆಡುವ ಕಡೆ. ಬಾಗಿಲು ಹಾಕಿದ ಮಲಗುವ ಕೋಣೆಯೊಳಗೆ ಕೆಂಡ ಬೇಡವೇ ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಚ್ಚಗಿರಲಿ ಅಂತ ರಾತ್ರಿ ಮಗುವಿನ ಪಕ್ಕ ಕೆಂಡ ಇಡುವವರನ್ನು ಕಂಡರೆ ನನಗೆ ಕೈ ನಡುಗುತ್ತದೆ.

ಪೇಟೆಯಲ್ಲಿ, ಮೂರನೇ ಮಹಡಿಯಲ್ಲಿ ಇರುವವರಿಗೆ ಕರಟವೂ ಇಲ್ಲ, ಜಗುಲಿಯೂ ಇಲ್ಲ. ಅವರು ಟವೆಲ್ ಸುತ್ತಿ ತುಳಿಯಲಿ, ಇಸ್ತ್ರಿ ಹಾಕಲಿ, ಆಮೇಲೆ ಫ್ಯಾನ್ ಕೆಳಗೆ. ಮಳೆ ಎರಚದ ಕಡೆಯ ಕಿಟಕಿ ಮಾತ್ರ ನಾಲ್ಕು ಬೆರಳಾದರೂ ತೆರೆದಿರಲಿ, ನೀರು ಹೊರಗೆ ಹೋಗಲು ದಾರಿ ಬೇಡವಾ? ಶೂ ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಗಂಟೆಗೊಮ್ಮೆ ಬದಲಿಸಿ. ರಾತ್ರಿ ತುರುಕಿ ಬೆಳಿಗ್ಗೆ ತೆಗೆಯುವುದಲ್ಲ. ಒದ್ದೆ ಪೇಪರ್ ಒಳಗೇ ಕೂತರೆ ಶೂಗೇ ಬೂಸ್ಟು.

ಉಪಾಯ ಊರು ಬಿಟ್ಟು ಹೋದರೂ ಕೆಲಸಕ್ಕೆ ಬರುತ್ತದೆ. ಮಗಳು ಅಮೆರಿಕದ ಬಫೆಲೋದಲ್ಲಿದ್ದಾಳೆ. ಈರಿ ಅನ್ನುವ ಸಮುದ್ರದಂಥ ಕೆರೆಯ ದಂಡೆಯ ಊರು. ತಣ್ಣನೆಯ ಗಾಳಿ ಆ ಕೆರೆಯ ಮೇಲೆ ಹಾದು ಬರುವಾಗ ನೀರು ಹೊತ್ತು ತಂದು ಊರಿನ ಮೇಲೆ ಹಿಮ ಮಾಡಿ ಸುರಿಯುತ್ತದೆ, ನಮ್ಮಲ್ಲಿ ಕಡಲ ಗಾಳಿ ಘಟ್ಟ ಹತ್ತಿ ಮಳೆ ಸುರಿಯುವ ಹಾಗೆ. ಒಂದು ಜನವರಿಯಲ್ಲಿ ಹೋಗಿದ್ದೆ. ಅಲ್ಲೂ ಶಾಲೆಗೆ ರಜೆ, ಅದಕ್ಕೆ ಸ್ನೋ ಡೇ ಅಂತಾರೆ. ರಾತ್ರಿ ನೋಡಿದರೆ ಮೊಮ್ಮಗಳು ಪೈಜಾಮ ಒಳಗಿನದು ಹೊರಗೆ ಮಾಡಿ ಹಾಕಿಕೊಂಡಿದ್ದಾಳೆ, ದಿಂಬಿನ ಕೆಳಗೆ ಚಮಚ. ಹೀಗೆ ಮಲಗಿದರೆ ನಾಳೆ ಹಿಮ ಬಿದ್ದು ರಜೆ ಸಿಗುತ್ತದಂತೆ, ಅಲ್ಲಿನ ಮಕ್ಕಳೆಲ್ಲ ಮಾಡುತ್ತಾರಂತೆ. ನನಗೆ ಒಗೆಯೋ ಕಲ್ಲಿನ ಮೇಲೆ ಹೊದಿಸಿದ ಸೊಪ್ಪು ನೆನಪಾಗಿ ಒಬ್ಬಳೇ ನಕ್ಕೆ.

ಬೆಳಿಗ್ಗೆ ರಜೆ ಸಿಕ್ಕಿತು. ಹುಡುಗಿ ಹೊರಗೆ ಬಿದ್ದು ಹೊರಳಾಡಿ ಒಳಗೆ ಬಂದಳು. ಮಗಳು ಅವಳ ಬೂಟನ್ನು ಹಾಗೇ ಬಾಗಿಲ ಹತ್ತಿರ ಬಿಟ್ಟಳು. ನಾನು ಸುಮ್ನೆ ಇರುತ್ತೇನಾ? ಬೂಟಿನೊಳಗೆ ಕಾಲುಚೀಲದಂಥ ದಪ್ಪ ಉಣ್ಣೆಯ ಪದರ ಇರುತ್ತದೆ. ಅದನ್ನು ಎಳೆದು ತೆಗೆದು ಬೇರೆಯಾಗಿ ಒಣಗಿಸಬೇಕು, ಇಲ್ಲದಿದ್ದರೆ ಮರುದಿನ ಮಗುವಿನ ಕಾಲು ಐಸ್. ಕೈಗವಸನ್ನು ಬೆರಳು ಮೇಲೆ ಮಾಡಿ ಎರಡು ಸೌಟಿಗೆ ಸಿಕ್ಕಿಸಿ ನಿಲ್ಲಿಸಿದೆ, ಹೀಟರ್‌ನಿಂದ ಒಂದು ಮಾರು ದೂರ. ಮಧ್ಯಾಹ್ನಕ್ಕೆ ಗರಿಗರಿ! ನನಗೇ ಆಶ್ಚರ್ಯ. ಹೀಟರ್ ಹಾಕಿದ ಮನೆಯ ಗಾಳಿ ಅಷ್ಟು ಒಣ. ತುಟಿ ಒಡೆದು ರಕ್ತ ಬರುತ್ತದೆ, ಬಟ್ಟೆ ಮಾತ್ರ ಕೇಳಬೇಡಿ. ನಮ್ಮಲ್ಲಿ ಉಪ್ಪೇ ಭರಣಿಯೊಳಗೆ ಕೂತಲ್ಲೇ ನೀರಾಗುತ್ತದೆ. ಅಂಥ ಒಣ ಹವೆಯಲ್ಲೂ ಒದ್ದೆ ಬೂಟು ಹಾಕಿಸುವ ತಾಯಂದಿರಿಗೆ ಏನು ಹೇಳಲಿ? ಮಗಳಿಗಂತೂ ಹೇಳಿದೆ.

ರಜೆಯ ದಿನ ಮಕ್ಕಳನ್ನು ಏನು ಮಾಡುವುದು ಅಂತ ಈಗಿನವರಿಗೆ ದೊಡ್ಡ ಚಿಂತೆ. ಫೋನ್ ಕೊಟ್ಟು ಕೂರಿಸುತ್ತಾರೆ. "ಹೊರಗೆ ಹೋಗಬೇಡ, ಶೀತ ಆಗುತ್ತೆ" ಅನ್ನುತ್ತಾರೆ. ಅಂಗಳದಲ್ಲಿ ಅರ್ಧ ಗಂಟೆ ನೆನೆದ ಮಗುವಿಗೆ ಏನೂ ಆಗಲ್ಲ ಕಣ್ರೇ, ಬಂದ ಕೂಡಲೇ ತಲೆ ಒರೆಸಿ, ಒಣ ಬಟ್ಟೆ ಹಾಕಿ, ಬಿಸಿ ಕಷಾಯ ಕೊಟ್ಟರೆ. ಮೂರು ದಿನ ಅರೆ ಒದ್ದೆ ಬಟ್ಟೆಯಲ್ಲಿ ಕೂತರೆ ತೊಡೆ ಸಂದಿಯಲ್ಲಿ ತುರಿಕೆ, ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಗುಡುಗು ಸಿಡಿಲು ಇದ್ದಾಗ, ಹಳ್ಳದ ಹತ್ತಿರ, ಬಿಡಬೇಡಿ. ಅಂಗಳಕ್ಕೆ ಬಿಡಿ. ಕಾಲಿಗೆ ಇಂಬಳ ಹತ್ತಿದರೆ ಕಿರುಚಿ ಮನೆ ಮೇಲೆ ಮಾಡಬೇಡಿ, ಮಲೆನಾಡಿನಲ್ಲಿ ಹುಟ್ಟಿ ಇಂಬಳಕ್ಕೆ ಹೆದರಿದರೆ ಹೇಗೆ? ಒಂದು ಚಿಟಿಕೆ ಉಪ್ಪು ಸಾಕು.

ಒಳಗೆ ಬಂದ ಮೇಲೆ ಬಾಂಡ್ಲಿಯ ಬೂದಿಯಲ್ಲಿ ನಾಲ್ಕು ಹಲಸಿನ ಬೇಳೆ ಹೂತು ಕೊಡಿ. ಸಿಪ್ಪೆ ಒಂದು ಕಡೆ ಗೀರಿ ಹೂಳಬೇಕು, ಇಲ್ಲದಿದ್ದರೆ ಪಟ್ ಅಂತ ಸಿಡಿದು ಬೂದಿಯೆಲ್ಲ ಬಟ್ಟೆಗೆ. ಹಲಸಿನ ಬೇಳೆ ಅಂದಾಗ ನೆನಪಾಯ್ತು, ಬೇಸಿಗೆಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಆಷಾಢದಲ್ಲಿ ಮೊಳಕೆ ಬಂತು ಅಂತ ಅಳುತ್ತಾರೆ. ಕೆಮ್ಮಣ್ಣು ಕಲಸಿ, ಬೇಳೆಗೆ ಮೆತ್ತಿ, ನೆರಳಲ್ಲಿ ಒಣಗಿಸಿ ಅಟ್ಟದ ಮೇಲೆ ಇಟ್ಟರೆ ಮಳೆಗಾಲ ಪೂರ್ತಿ ಹಾಗೇ ಇರುತ್ತದೆ. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಕುರ್ಚಿಯ ಮೇಲಿದ್ದ ಯೂನಿಫಾರ್ಮನ್ನು ನಿನ್ನೆ ಬೆಳಿಗ್ಗೆ ಮೂಸಿ ನೋಡಿದೆ. ನಾನು ಹೇಳಿದ್ದೇ ಆಗಿತ್ತು. ಬಿಸಿನೀರಿನಲ್ಲಿ ಇನ್ನೊಮ್ಮೆ ಒಗೆದು, ಮೊಮ್ಮಗನಿಂದ ತುಳಿಸಿ, ಜಗುಲಿಯಲ್ಲಿ ಕುಕ್ಕೆ ಕವುಚಿದೆ. ಸೊಸೆ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದಳು. ಅರ್ಧ ಗಂಟೆ ಬಿಟ್ಟು ತಾನಾಗಿ ಬಂದು ಕೂತು, ಅಂಗಿಯ ಕಾಲರ್ ಎತ್ತಿ ತುಟಿಗೆ ತಾಗಿಸಿದಳು.

"ಒಣಗಿದೆ ಅತ್ತೆ" ಅಂದಳು.

ಜೇಬು ನೋಡು ಅಂದೆ.