ಬೈಲಾ ಕರಡಿನ ನಿಯಮಗಳಿಗೆ ಸಿಎಸ್‌ಎಸ್‌ನಿಂದ ಸಂಖ್ಯೆ ಹಾಕಿದ್ದು

ನಮ್ಮ ಗೃಹ ನಿರ್ಮಾಣ ಸಹಕಾರ ಸಂಘದ ಬೈಲಾ ತಿದ್ದುಪಡಿಯ ಕರಡನ್ನು ಸದಸ್ಯರು ಓದಲೆಂದು ಜಾಲಪುಟಕ್ಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲು ಎಲ್ಲ ಸಂಖ್ಯೆಗಳನ್ನೂ ಕೈಯಿಂದಲೇ ಟೈಪು ಮಾಡಿದ್ದೆ. ಮೂರನೆಯ ಅಧ್ಯಾಯದ ಆರಂಭದಲ್ಲಿ ಹೊಸದೊಂದು ನಿಯಮ ಸೇರಿಸಲು ಸಮಿತಿ ತೀರ್ಮಾನಿಸಿದ ದಿನ, ೩.೨ರಿಂದ ೩.೧೪ರವರೆಗೆ ಒಂದೊಂದನ್ನೇ ತಿದ್ದುತ್ತ ಹೋಗಿ ೩.೯ನ್ನು ಎರಡು ಸಲ ಬರೆದಿದ್ದೆ. ಆಗ ಈ ಕೆಲಸವನ್ನು ಜಾಲಪುಟದ ರೂಪವನ್ನು ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ಗೆ ಒಪ್ಪಿಸಿದೆ.

ಬರಿಯ ಪಟ್ಟಿಯಾಗಿದ್ದರೆ ಪಟ್ಟಿಯ ಗುರುತನ್ನು ನಿರ್ಧರಿಸುವ ಲಿಸ್ಟ್-ಸ್ಟೈಲ್-ಟೈಪ್‌ಗೆ 'ಕನ್ನಡ' ಎಂಬ ಮೌಲ್ಯ ಕೊಟ್ಟರೆ ಸಾಕು, ೧, ೨, ೩ ಎಂದು ಕನ್ನಡ ಅಂಕಿಗಳೇ ಬರುತ್ತವೆ. ನಿಯಮದ ಅಂಕಿಯ ಮುಂದೆ ಅಧ್ಯಾಯದ ಅಂಕಿಯೂ ಬರಬೇಕಾದರೆ ಕೌಂಟರ್ (ಬ್ರೌಸರ್ ತಾನೇ ಲೆಕ್ಕವಿಡುವ, ಹೆಸರಿಟ್ಟ ಎಣಿಕೆ) ಬೇಕು. ಇದು ಹೊಸದೇನಲ್ಲ, 1998ರ ಸಿಎಸ್‌ಎಸ್ 2ರಲ್ಲೇ ಇತ್ತು. ಪುಟದ ಇಡೀ ಪಠ್ಯವನ್ನು ಒಳಗೊಂಡ ಬಾಡಿಯಲ್ಲಿ ಕೌಂಟರ್-ರೀಸೆಟ್‌ನಿಂದ 'ಅಧ್ಯಾಯ' ಕೌಂಟರನ್ನು ಸೊನ್ನೆಗೆ ತಂದು, ಪ್ರತಿ ಶೀರ್ಷಿಕೆಯಲ್ಲಿ ಕೌಂಟರ್-ಇನ್‌ಕ್ರಿಮೆಂಟ್‌ನಿಂದ ಒಂದು ಏರಿಸಿ, ಪ್ರತಿ ಅಧ್ಯಾಯವನ್ನು ಒಳಗೊಂಡ ಸೆಕ್ಷನ್‌ನಲ್ಲಿ 'ನಿಯಮ' ಕೌಂಟರನ್ನು ಮತ್ತೆ ಸೊನ್ನೆ ಮಾಡಿ, ಪ್ರತಿ ನಿಯಮಕ್ಕೂ ಅದನ್ನು ಒಂದು ಏರಿಸಿ, ನಿಯಮದ ಪಠ್ಯಕ್ಕೆ ಮುಂಚೆ ಸಿಎಸ್‌ಎಸ್ ಸೇರಿಸುವ ಬಿಫೋರ್ ಭಾಗದ ಕಂಟೆಂಟ್‌ನಲ್ಲಿ ಎರಡು ಕೌಂಟರ್‌ಗಳ ನಡುವೆ ಚುಕ್ಕೆಯಿಟ್ಟೆ.

ಪುಟ ತೆರೆದು ನೋಡಿದರೆ ಹನ್ನೊಂದು ಶೀರ್ಷಿಕೆಗಳೂ 'ಅಧ್ಯಾಯ ೧' ಆಗಿದ್ದವು. ಅರ್ಧ ದಿನ ಹುಡುಕಿದ ಮೇಲೆ ತಪ್ಪು ಸಿಕ್ಕಿತು: ಅನುಬಂಧಗಳ ಎಣಿಕೆಗಾಗಿ ಬಾಡಿಯಲ್ಲಿ ಇನ್ನೊಂದು ಕೌಂಟರ್-ರೀಸೆಟ್ ಸಾಲು ಬರೆದಿದ್ದೆ. ಎರಡನೆಯ ಸಾಲು ಮೊದಲನೆಯದಕ್ಕೆ ಸೇರಿಕೊಳ್ಳುವುದಿಲ್ಲ, ಅದನ್ನು ಅಳಿಸಿಹಾಕುತ್ತದೆ. ಹಾಗಾಗಿ 'ಅಧ್ಯಾಯ' ಕೌಂಟರ್ ಬಾಡಿಯಲ್ಲಿ ಹುಟ್ಟಲೇ ಇಲ್ಲ. ಪ್ರತಿ ಸೆಕ್ಷನ್‌ನೊಳಗಿನ ಶೀರ್ಷಿಕೆ ತನ್ನದೇ ಹೊಸ ಕೌಂಟರ್ ಹುಟ್ಟಿಸಿಕೊಂಡು ಒಂದಕ್ಕೇ ನಿಂತಿತ್ತು. ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ, ನಡುವೆ ಜಾಗ ಬಿಟ್ಟು ಬರೆದೊಡನೆ ಸರಿಹೋಯಿತು. ದೋಷದ ಸೂಚನೆಯನ್ನೇ ಕೊಡದ ಇಂಥ ತಪ್ಪುಗಳೇ ಸಿಎಸ್‌ಎಸ್‌ನಲ್ಲಿ ಹೆಚ್ಚು ಸತಾಯಿಸುವುದು.

ಉಪನಿಯಮಗಳಿಗೆ (ಅ), (ಆ), (ಇ) ಬೇಕಿತ್ತು. ಅದಕ್ಕೆ, ಎಣಿಕೆಯ ಗುರುತುಗಳನ್ನು ನಾವೇ ನಿರ್ಧರಿಸಲು ಬಿಡುವ ಸಿಎಸ್‌ಎಸ್‌ನ ಕೌಂಟರ್-ಸ್ಟೈಲ್‌ನಲ್ಲಿ ಅಕ್ಷರಗಳನ್ನು ನಾನೇ ಪಟ್ಟಿ ಮಾಡಿದೆ; ಋಕಾರವನ್ನು ಬಿಟ್ಟೆ, ಸಭೆಯಲ್ಲಿ ಯಾರೂ 'ಉಪನಿಯಮ ಋ' ಎಂದು ಹೇಳುವುದಿಲ್ಲ. ಕೌಂಟರ್-ಸ್ಟೈಲ್ ಸೌಲಭ್ಯ ಫೈರ್‌ಫಾಕ್ಸ್ ಬ್ರೌಸರಿಗೆ 2014ರಲ್ಲೇ ಬಂದಿದ್ದರೂ ಕ್ರೋಮ್‌ಗೆ 2021ರಲ್ಲಿ, ಸಫಾರಿಗೆ 2023ರಲ್ಲಿ ಬಂದದ್ದರಿಂದ, ಹಳೆಯ ಫೋನುಗಳಲ್ಲಿ ಅಕ್ಷರದ ಬದಲು ಅಂಕಿ ಕಾಣುವುದನ್ನು ಒಪ್ಪಿಕೊಳ್ಳಬೇಕಾಯಿತು.

ಆಮೇಲೆ ಸಮಿತಿ ಒಂದು ನಿಯಮವನ್ನು ಕೈಬಿಟ್ಟಿತು. ಡಿಸ್‌ಪ್ಲೇ ನನ್ ಕೊಟ್ಟು ಅದನ್ನು ಮರೆಮಾಡಿದೆ. ಹಾಗೆ ಮರೆಯಾದದ್ದು ಎಣಿಕೆಗೆ ಸೇರದ ಕಾರಣ ಮುಂದಿನವೆಲ್ಲ ಒಂದೊಂದು ಹಿಂದಕ್ಕೆ ಸರಿದವು. ಹಿಂದಿನ ವಾರ '೫.೬' ಎಂದು ಆಕ್ಷೇಪಣೆ ಬರೆದಿದ್ದ ಸದಸ್ಯರೊಬ್ಬರು ಅಲ್ಲಿ ಬೇರೆಯೇ ನಿಯಮ ಕಂಡು ಫೋನ್ ಮಾಡಿದರು. ಆ ನಿಯಮದ ಜಾಗದಲ್ಲಿ '(ಕೈಬಿಡಲಾಗಿದೆ)' ಎಂದಷ್ಟೇ ಬರೆದು ಸಂಖ್ಯೆಯನ್ನು ಉಳಿಸಿದೆ.

ಬಿಫೋರ್‌ನಲ್ಲಿ ಮೂಡುವ ಅಂಕಿ ಪಠ್ಯವನ್ನು ನಕಲು ಮಾಡಿದಾಗ ಜೊತೆಗೆ ಬರುವುದಿಲ್ಲವೆಂಬುದು ಸಂಘದ ಗುಮಾಸ್ತರಿಂದ ತಿಳಿಯಿತು. ಅವರ ನಡವಳಿ ಪುಸ್ತಕದಲ್ಲಿ ನಿಯಮಗಳಿದ್ದವು, ಸಂಖ್ಯೆಗಳಿರಲಿಲ್ಲ. ಆದ್ದರಿಂದ ಸರ್ವ ಸದಸ್ಯರ ಸಭೆ ಅಂಗೀಕರಿಸಿದ ಅಂತಿಮ ಪ್ರತಿಯಲ್ಲಿ ಸಂಖ್ಯೆಗಳನ್ನು ಪಠ್ಯದೊಳಗೇ ಬರೆದು, ಕೌಂಟರ್‌ಗಳನ್ನು ಕರಡಿನ ಪುಟಕ್ಕಷ್ಟೇ ಇಟ್ಟುಕೊಂಡಿದ್ದೇನೆ.